ಕೊಡೆಯೊಳಗಿನ ಧೂಳು

ಮಧ್ಯಾಹ್ನ ಅಟ್ಟದಿಂದ ಕೊಡೆ ಇಳಿಸಿ ಬಿಚ್ಚಿದೆ. ತಲೆ ಮೇಲೆ ಸುರಿದದ್ದು ಮಳೆ ಅಲ್ಲ, ಕೆಮ್ಮಣ್ಣಿನ ಧೂಳು. ಜೊತೆಗೆ ಶೇಂಗಾ ಹೊಟ್ಟು ಒಂದಿಷ್ಟು. ಅದು ಹೇಗೆ ಒಳಗೆ ಸೇರಿತೋ!

ಚಳ್ಳಕೆರೆ ಕಡೆ ಜುಲೈ ಅಂದರೆ ಹೀಗೇ. ಮೋಡ ಇರುತ್ತದೆ, ಮಳೆ ಇರಲ್ಲ. ಗಾಳಿ ಮಾತ್ರ ಜಾಸ್ತಿ. ಹಗ್ಗಕ್ಕೆ ಹಾಕಿದ ಟವೆಲ್ ಪಕ್ಕದ ಮನೆ ಬೇಲಿಯಲ್ಲಿ ಸಿಗುತ್ತದೆ. ಮೋಡ ತನ್ನ ನೀರನ್ನೆಲ್ಲ ಘಟ್ಟದ ಮೇಲೇ ಇಳಿಸಿ, ಹಗುರವಾಗಿ ನಮ್ಮ ತಲೆ ಮೇಲೆ ಹಾದು ಹೋಗುತ್ತದೆ.

ಆಗುಂಬೆಗೆ ವರ್ಷಕ್ಕೆ 7000 ಮಿ.ಮೀ. ಮಳೆ. ನಮಗೆ 500 ದಾಟಿದರೆ ಒಳ್ಳೆ ವರ್ಷ. ಅದರಲ್ಲೂ ಜಾಸ್ತಿ ಬರೋದು ಸೆಪ್ಟೆಂಬರ್, ಅಕ್ಟೋಬರಲ್ಲಿ. ಅಲ್ಲಿಯವರೆಗೆ ಶೇಂಗಾ ಬಿತ್ತಿದವರು ಆಕಾಶ ನೋಡ್ತಾ ಕೂರಬೇಕು. ಮೊಬೈಲಲ್ಲಿ ಹವಾಮಾನ ನೋಡೋದು ನಾನೊಬ್ಬನೇ. ಅಪ್ಪನಿಗೆ ಈಗಲೂ ಪುಷ್ಯ, ಆಶ್ಲೇಷ, ಮಘೆ ಲೆಕ್ಕವೇ. ನಿಜ ಹೇಳಬೇಕು ಅಂದರೆ ಇಬ್ಬರದ್ದೂ ಅರ್ಧ ಸಲ ತಪ್ಪುತ್ತದೆ.

ಮಲೆನಾಡಿನ ಗೆಳೆಯ ಬೆಳಗ್ಗೆ ಫೋನ್ ಮಾಡಿ, ಬಟ್ಟೆ ಒಣಗಿ ವಾರ ಆಯ್ತು ಮಾರಾಯ ಅಂತ ಗೋಳಾಡಿದ. ನಮ್ಮಲ್ಲಿ ಒಗೆದು ಹಿಂಡೋದರೊಳಗೆ ಒಣಗುತ್ತೆ, ಇಲ್ಲಿಗೇ ಕಳಿಸು ಅಂದೆ. ನಕ್ಕ. ನನಗೆ ಮಾತ್ರ ಸುಮ್ನೆ ಹೊಟ್ಟೆಕಿಚ್ಚಾಯಿತು.

ಅಂದ ಹಾಗೆ, ನಾಲ್ಕು ಗಂಟೆಗೆ ಹನಿ ಬಿತ್ತು. ಅಂಗಳದಲ್ಲಿ ಎಣಿಸುವಷ್ಟು ಚುಕ್ಕೆ. ಮಣ್ಣಿನ ವಾಸನೆ ಬಂತು, ಅಷ್ಟೇ. ಅಪ್ಪ ಕೊಡೆಯನ್ನು ಕೊಡವಿ, ಮಡಚಿ, ಅಟ್ಟಕ್ಕೆ ಹಾಕದೆ ಬಾಗಿಲ ಹಿಂದೆ ನೇತುಹಾಕಿದರು.