ಒಂದು ‘ಪ’, ಒಂದು ಸೊನ್ನೆ

ಉತ್ತರದ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ಮೂರನೇ ರೌಂಡು, ಏಳನೇ ಪ್ರಶ್ನೆ. ಮೊದಲು ‘ಪಂ’ ಅಂತ ಬರೆದಿದೆ. ಅದರ ಮೇಲೆ ಎರಡು ಗೆರೆ, ಪಕ್ಕದಲ್ಲಿ ಒತ್ತಿ ಬರೆದ ‘ಕಾಂಗ್ರೆಸ್ ಬಾವಿ’. ಅದರ ಮುಂದೆ, ಹಾಳೆ ತಿದ್ದಿದ ಪಕ್ಕದ ಟೇಬಲ್ಲಿನವರು ಕೆಂಪು ಪೆನ್ನಿನಲ್ಲಿ ಹಾಕಿದ ಸೊನ್ನೆ. ಇದು ಗುರುವಾರ ರಾತ್ರಿಯ ಪಬ್ ಕ್ವಿಜ್ಜಿನ ಮಾತು. ಇವತ್ತು ಭಾನುವಾರ, ಆದರೂ ಆ ಪಕಾರ ಕಣ್ಣ ಮುಂದಿನಿಂದ ಹೋಗಿಲ್ಲ.

ಪ್ರಶ್ನೆ ಹೀಗಿತ್ತು: “1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಒಂದು ತಾತ್ಕಾಲಿಕ ನಗರ ಎದ್ದಿತು. ಅದಕ್ಕೆ ವಿಜಯನಗರ ಅಂತ ಹೆಸರಿಟ್ಟರು. ಆ ನಗರದ ನೀರಿಗಾಗಿ ತೋಡಿದ ಬಾವಿಗೆ ಇಟ್ಟ ಹೆಸರೇನು?”

ಬೆಳಗಾವಿಯವರಿಗೆ ಈ ಪ್ರಶ್ನೆ ಅರ್ಧ ಓದುವುದರೊಳಗೇ ಉತ್ತರ ಬಾಯಿಗೆ ಬರುತ್ತದೆ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ನಮ್ಮ ಟಿಳಕವಾಡಿಯಲ್ಲಿ. ಬಾವಿ ಇವತ್ತಿಗೂ ಅಲ್ಲೇ ಇದೆ, ಎಲ್ಲರೂ ಅದನ್ನು ಕಾಂಗ್ರೆಸ್ ಬಾವಿ ಅಂತಲೇ ಕರೆಯುವುದು, ರಸ್ತೆಗೂ ಕಾಂಗ್ರೆಸ್ ರೋಡ್ ಅಂತಲೇ ಹೆಸರು. ನಮ್ಮ ಟೇಬಲ್ಲಿನಲ್ಲಿದ್ದ ಐದು ಜನರಲ್ಲಿ ನಾಲ್ವರು ಇದೇ ಊರಲ್ಲಿ ಹುಟ್ಟಿ ಬೆಳೆದವರು. ಐದನೆಯವರು ವೈನಿ, ಹುನಗುಂದ ಕಡೆಯವರು, ನಮ್ಮ ದೋಸ್ತನ ಹೆಂಡತಿ. ಲಿಂಬು ಸೋಡಾ ಮುಂದಿಟ್ಟುಕೊಂಡು ಮೂಲೆಯಲ್ಲಿ ಕೂತಿದ್ದವರು ಮೆಲ್ಲಗೆ ಅಂದರು:

“ವಿಜಯನಗರ ಅಂದ್ರ ಹಂಪಿ. ಹಂಪ್ಯಾಗ ನೀರಂದ್ರ ಪಂಪಾ ಸರೋವರ. ಪ್ರಶ್ನಿ ಒಳಗ ಉತ್ತರ ಐತಲ್ರಿ.”

ಪೆನ್ನು ನನ್ನ ಕೈಯಲ್ಲಿತ್ತು. ‘ಪಂ’ ಅಂತ ಶುರು ಮಾಡಿದ್ದೆ.

“ಏ, ನೀ ಹುನಗುಂದದಾಕಿ, ನಿನಗೇನ ಗೊತ್ತು?” ಅಂದ ದೋಸ್ತ. “ದಿನಾ ಆ ಬಾವಿ ಮುಂದ ಗಾಡಿ ಹೊಡಕೊಂಡ ಹೋಗ್ತೀನಿ. ಕಾಂಗ್ರೆಸ್ ಬಾವಿ ಅಂತ ಸಣ್ಣ ಹುಡುಗ್ರಿಗೂ ಗೊತ್ತೈತಿ. ಬರಿ ಲೇ.”

ಬರೆದೆ. ದೋಸ್ತ ಉದ್ಯಮಬಾಗದ ಫೌಂಡ್ರಿಯವನು. ಹಗಲೆಲ್ಲ ಭಟ್ಟಿಯ ಸದ್ದಿನ ಮೇಲೆ ಮಾತಾಡಿ ರೂಢಿ. ಅವನಿಗೆ ಗೊತ್ತಿರುವುದೂ ಗೊತ್ತಿಲ್ಲದ್ದೂ ಒಂದೇ ದನಿಯಲ್ಲಿ ಹೊರಡುತ್ತದೆ. ಮನುಷ್ಯ ಬಂಗಾರ, ಟೀಮಿಗೆ ಮಾತ್ರ ಕಷ್ಟ.

ಆ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದಷ್ಟೂ ಅದನ್ನು ಕಟ್ಟಿದವರ ಬಗ್ಗೆ ಗೌರವ ಹೆಚ್ಚುತ್ತದೆ. ಕ್ವಿಜ್ ಪ್ರಶ್ನೆಯಲ್ಲಿ ಸುಮ್ಮನೆ ಬಂದ ಶಬ್ದ ಇರುವುದಿಲ್ಲ. ಉತ್ತರ ಕಾಂಗ್ರೆಸ್ ಬಾವಿಯೇ ಆಗಿದ್ದರೆ ‘ವಿಜಯನಗರ’ ಅನ್ನುವ ಶಬ್ದ ಅಲ್ಲಿ ಯಾಕೆ ಬೇಕಿತ್ತು? ‘ಕರೆಯುವ ಹೆಸರು’ ಅನ್ನದೆ ‘ಇಟ್ಟ ಹೆಸರು’ ಅಂದದ್ದು ಯಾಕೆ? ಇದು ನೆನಪಿಟ್ಟುಕೊಂಡು ಹೇಳುವ ಪ್ರಶ್ನೆ ಅಲ್ಲ, ಅಲ್ಲೇ ಕೂತು ಬಿಡಿಸುವ ಪ್ರಶ್ನೆ. ಹತ್ತು ಪ್ರಶ್ನೆಯ ರೌಂಡಿನಲ್ಲಿ ಮೂರು ಎಲ್ಲರಿಗೂ ಗೊತ್ತಿರಬೇಕು, ಎರಡು ಗಟ್ಟಿ ಇರಬೇಕು, ಉಳಿದ ಐದು ಇಂಥವೇ ಇರಬೇಕು. ಆಗ ಟೇಬಲ್ಲುಗಳಲ್ಲಿ ಮಾತು ಹುಟ್ಟುತ್ತದೆ. ಬರೀ ಇಸವಿ ಕೇಳುವ ಕ್ವಿಜ್ ಮಾಸ್ಟರನ ಮುಂದೆ ಜನ ಸುಮ್ಮನೆ ಶೇಂಗಾ ತಿನ್ನುತ್ತ ಕೂತಿರುತ್ತಾರೆ.

ಅವತ್ತು ಎಂಟು ಟೇಬಲ್, ಐದು ರೌಂಡು, ಒಟ್ಟು ಐವತ್ತು ಮಾರ್ಕು. ಗುರುವಾರ ಯಾಕೆ ಅಂದರೆ ಅವತ್ತು ಗಿರಾಕಿ ಕಡಿಮೆ. 1970ರ ದಶಕದಲ್ಲಿ ಇಂಗ್ಲೆಂಡಿನ ಪಬ್ಬುಗಳು ಕ್ವಿಜ್ ಹಚ್ಚಿಕೊಂಡದ್ದೂ ಖಾಲಿ ಹೊಡೆಯುವ ರಾತ್ರಿಗಳನ್ನು ತುಂಬಿಸಲಿಕ್ಕೇ. ನಮ್ಮ ದೇಶದಲ್ಲಿ ಇದು ಬೇರೆ ದಾರಿಯಲ್ಲಿ ಬಂತು. 1967ರಲ್ಲಿ ಕಲ್ಕತ್ತೆಯ ಒಂದು ಚರ್ಚಿನ ಹಾಲಿನಲ್ಲಿ ನೀಲ್ ಓಬ್ರಿಯನ್ ನಡೆಸಿದ್ದು ಮೊದಲ ಕ್ವಿಜ್ ಅನ್ನುತ್ತಾರೆ, ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. ನಮ್ಮ ಟೇಬಲ್ಲಿನವರೆಲ್ಲ ತಯಾರಾದದ್ದು ಚಂದನ ವಾಹಿನಿಯ ಮುಂದೆ, ನಾ. ಸೋಮೇಶ್ವರ ಅವರ ‘ಥಟ್ ಅಂತ ಹೇಳಿ’ ನೋಡಿಕೊಂಡು. ಅಲ್ಲಿ ನಿಮ್ಮ ಉತ್ತರಕ್ಕೆ ನೀವೇ ಜವಾಬ್ದಾರರು. ಇಲ್ಲಿ ಐದು ತಲೆ, ಒಂದು ಪೆನ್ನು. ಎಲ್ಲ ಅನಾಹುತ ಆಗುವುದು ಅದರಿಂದಲೇ.

ಟೀಮಿಗೆ ಆರು ಜನರವರೆಗೆ ಬಿಡುತ್ತಾರೆ, ಐದೇ ಸರಿ. ಆರನೆಯವನು ಬಂದರೆ ಟೇಬಲ್ಲಿನ ಎರಡು ತುದಿಯಲ್ಲಿ ಎರಡು ಚರ್ಚೆ ಶುರುವಾಗಿ ಒಂದು ಕಡೆ ಬಂದ ಉತ್ತರ ಇನ್ನೊಂದು ಕಡೆಗೆ ಮುಟ್ಟುವುದಿಲ್ಲ. ಸ್ಪೀಕರಿನ ಕೆಳಗೂ ಅಡುಗೆಮನೆ ಬಾಗಿಲ ಹತ್ತಿರವೂ ಕೂಡಬಾರದು. ಪ್ರಶ್ನೆಯನ್ನು ಎರಡು ಸಲ ಓದುತ್ತಾರೆ, ಮೊದಲ ಸಲ ಕನ್ನಡ, ಎರಡನೇ ಸಲ ಇಂಗ್ಲಿಷ್, ಆಮೇಲೆ ಮುಕ್ಕಾಲು ನಿಮಿಷ. ಟೇಬಲ್ಲುಗಳ ಮೇಲಿನ ಚರ್ಚೆ ಅರ್ಧಕ್ಕರ್ಧ ಮರಾಠಿ. ಉತ್ತರ ಯಾವ ಲಿಪಿಯಲ್ಲಿದ್ದರೂ ನಡೆಯುತ್ತದೆ, ಕಾಗುಣಿತಕ್ಕೆ ಮಾರ್ಕು ಕಡಿಯುವುದಿಲ್ಲ. ಪೆನ್ನು ಬಾಲ್ ಪೆನ್ನೇ ಬೇಕು. ಗ್ಲಾಸಿನ ತಂಪಿಗೆ ಟೇಬಲ್ ಒದ್ದೆಯಾಗಿರುತ್ತದೆ, ಜೆಲ್ ಪೆನ್ನಿನ ಅಕ್ಷರ ಕದಡುತ್ತದೆ. ಫೋನುಗಳೆಲ್ಲ ಟೇಬಲ್ಲಿನ ನಡುವೆ ಬೋರಲಾಗಿ ಬಿದ್ದಿರಬೇಕು, ಮುಟ್ಟಿದವನ ಮೇಲೆ ಮುಂದಿನ ಪ್ಲೇಟು ಕಾಂದಾಭಜಿ.

ಕಚ್ಚಾ ಹಾಳೆ ಒಂದು ಬೇರೆ ಇರಬೇಕು, ನಾವು ಜಾರಿದ್ದು ಅಲ್ಲೇ. ಪ್ರತಿ ಉತ್ತರವನ್ನೂ ಮೊದಲು ಕಚ್ಚಾ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಹೇಳಿದವರ ಕಾರಣವನ್ನು ಒಂದೇ ಶಬ್ದದಲ್ಲಿ ಹಾಕಬೇಕು. ‘ಪಂಪಾ: ಹಂಪಿ.’ ‘ಕಾಂಗ್ರೆಸ್ ಬಾವಿ: ಎಲ್ಲರೂ ಅಂತಾರ.’ ಎರಡನ್ನೂ ಒಂದರ ಕೆಳಗೊಂದು ಇಟ್ಟು ನೋಡಿದ್ದರೆ ಅಲ್ಲೇ ಬಗೆಹರಿಯುತ್ತಿತ್ತು. ಬರೆಯದಿದ್ದಾಗ ಕಿವಿಗೆ ಬೀಳುವುದು ದನಿ ಮಾತ್ರ. ವೈನಿಯ ದನಿ ಸಣ್ಣದು.

ಸಂಕಟ ಹೆಚ್ಚಾಗಲಿಕ್ಕೆ ಇನ್ನೊಂದು ಕಾರಣ ಜೋಕರ್. ಐದು ರೌಂಡಿನಲ್ಲಿ ಯಾವುದಾದರೂ ಒಂದಕ್ಕೆ ಮೊದಲೇ ಜೋಕರ್ ಇಟ್ಟರೆ ಆ ರೌಂಡಿನ ಮಾರ್ಕು ಇಮ್ಮಡಿ. ಮೂರನೆಯದು ‘ನಮ್ಮ ಸೀಮೆ’, ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮೇಲೆ. ನಮ್ಮೂರು ನಮಗೆ ಗೊತ್ತಿಲ್ಲವೇ ಅಂತ ಜೋಕರನ್ನು ಅಲ್ಲೇ ಇಟ್ಟೆವು. ಹಾಗಾಗಿ ಒಂದು ಬಾವಿಗೆ ಎರಡು ಮಾರ್ಕು ಹೋಯಿತು.

ಎರಡನೇ ರೌಂಡು ಚಿತ್ರಗಳದ್ದು, ಅದು ಎಲ್ಲರ ಪಾಲಿಗೂ ಕೆಟ್ಟಿತು. ಝೆರಾಕ್ಸಿನ ಝೆರಾಕ್ಸು ಹಂಚಿದ್ದರು. ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಸಿಂಹದ ಮುಖ, ಆ ಬಾಯೊಳಗೆ ಸಿಕ್ಕ ಆನೆ. ಹಾಳೆಯಲ್ಲಿ ಆನೆ ಇರಬೇಕಾದಲ್ಲಿ ಬರೀ ಕಪ್ಪು ಮಸಿ. ಮೂರು ಟೇಬಲ್ ಅದನ್ನು ಹಲಸಿಯ ಯಾವುದೋ ಶಿಲ್ಪ ಅಂತ ಬರೆದವು. ಬಾದಾಮಿ ಮೊದಲನೇ ಗುಹೆಯ ನಟರಾಜನಿಗೆ ಎಷ್ಟು ಕೈ ಅನ್ನುವ ಪ್ರಶ್ನೆಗೆ ಹದಿನೆಂಟು ಅಂತ ಬಾಯಿಪಾಠ ಬರುವವರು ಪಾರಾದರು, ಹಾಳೆ ನೋಡಿ ಎಣಿಸಿದವರಿಗೆ ಹನ್ನೊಂದೇ ಸಿಕ್ಕವು. ಮೂಲ ಫೋಟೊದಿಂದ ನೇರ ಪ್ರಿಂಟು ತೆಗೆದರೆ ಈ ಗೋಳಿಲ್ಲ. ಎಂಟು ಹಾಳೆಗೆ ಎಷ್ಟು ಖರ್ಚು ಬರುತ್ತದೆ ಹೇಳಿ.

ನಮ್ಮ ಹಾಳೆ ತಿದ್ದಿದ್ದು ಕ್ಯಾಂಪಿನ ಕಾಕಾಗಳ ಟೇಬಲ್. ನಾಲ್ವರೂ ರಿಟೈರ್ಡ್, ಚಷ್ಮಾ ಹಣೆಗೇರಿಸಿಕೊಂಡು ಒಂದೊಂದು ಗ್ಲಾಸನ್ನು ರಾತ್ರಿಯೆಲ್ಲ ಕುಡಿಯುವವರು. ಅವರಲ್ಲಿ ಒಬ್ಬರು ಹಾಳೆ ಎತ್ತಿ ಹಿಡಿದು, “ಇಲ್ಲಿ ಪಂ ಅಂತ ಬರದು ಹೊಡದಾರಲ್ಲೋ!” ಅಂದರು. ಹೊಡೆದ ಉತ್ತರಕ್ಕೆ ಮಾರ್ಕಿಲ್ಲ, ಅದು ಎಲ್ಲ ಕಡೆಯ ನಿಯಮ, ಇರಬೇಕಾದದ್ದೇ. ಆದರೆ ಇಡೀ ಹಾಲಿಗೆ ಕೇಳುವ ಹಾಗೆ ಅನ್ನಬೇಕಿತ್ತೇ? ದೋಸ್ತ ಮೆನು ಕಾರ್ಡು ಓದತೊಡಗಿದ. ವೈನಿ ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರಿಗೂ ಅಲ್ಲ ಅನ್ನುವ ಹಾಗೆ, “ನನಗ ಊರು ಗೊತ್ತಿಲ್ಲ, ಅದಕ್ಕ ಪ್ರಶ್ನಿ ಕೇಳಿಸ್ತು,” ಅಂದರು.

ಮೂರು ದಿನದಿಂದ ಈ ಮಾತೇ ತಿರುಗುತ್ತಿದೆ. ನಾವು ನಾಲ್ವರೂ ‘ಬೆಳಗಾವಿ, ಬಾವಿ’ ಅನ್ನುವಲ್ಲಿಗೆ ಕಿವಿ ಮುಚ್ಚಿದ್ದೆವು. ನಡುವಿನ ವಿಜಯನಗರ ಕೇಳಿಸಲೇ ಇಲ್ಲ. ಕಾಂಗ್ರೆಸ್ ರೋಡಿನಲ್ಲಿ ಹೋಗುವಾಗ ಆ ಬಾವಿಯನ್ನು ನಾನು ಕೊನೆಗೆ ಯಾವಾಗ ನೋಡಿದ್ದು ಅಂತ ನೆನಪು ಮಾಡಿಕೊಂಡೆ. ದಾಟಿದ್ದೇ ನೆನಪು.

ಕೊನೆಗೆ ಕಾಕಾಗಳು 47. ನಾವು 46. ಎಂಜಿನಿಯರಿಂಗ್ ಹುಡುಗರ ಇನ್ನೊಂದು ಟೇಬಲ್ಲೂ 46. ಎರಡನೇ ಬಹುಮಾನ ಅರ್ಧ ಕಿಲೋ ಕುಂದಾ, ಅದಕ್ಕೆ ಟೈಬ್ರೇಕರ್: “ಗೋಲಗುಮ್ಮಟದ ಗುಮ್ಮಟದ ವ್ಯಾಸ ಎಷ್ಟು ಮೀಟರ್? ಹತ್ತಿರ ಬಂದವರು ಗೆದ್ದ ಹಾಗೆ.” ನಾವು ಅಂದಾಜಿನ ಮೇಲೆ 45 ಅಂತ ಬರೆದೆವು. ಹುಡುಗರು 38 ಅಂತ ಬರೆದರು. ಕ್ವಿಜ್ ಮಾಸ್ಟರನ ಚೀಟಿಯಲ್ಲಿ ಇದ್ದದ್ದು 44. ಕುಂದಾ ನಮಗೆ.

ಹುಡುಗರಲ್ಲಿ ಒಬ್ಬ ವಿಜಯಪುರದವನು, ಎದ್ದು ನಿಂತ. “ಸರ್, ಒಳಗಿಂದೋ, ಹೊರಗಿಂದೋ?” ಅವನ ಮಾತು ಸರಿ. ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38. ಗುಮ್ಮಟದ ಗೋಡೆಯೇ ಬುಡದಲ್ಲಿ ಮೂರು ಮೀಟರಿನಷ್ಟು ದಪ್ಪ, ಎರಡೂ ಕಡೆ ಸೇರಿ ಆರು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಓಡಾಡಿ ಬೆಳೆದವನಿಗೆ ಗೊತ್ತಿರುವುದು ಒಳಗಿನ ಅಳತೆಯೇ. ಹತ್ತಿರದ ಅಂಕಿ ಕೇಳುವ ಪ್ರಶ್ನೆಯಲ್ಲಿ ಎಲ್ಲಿಂದ ಎಲ್ಲಿಗೆ ಅಳೆದದ್ದು ಅಂತ ಹೇಳದಿದ್ದರೆ, ಅಂದಾಜು ಮಾಡಿದವನು ಗೆದ್ದು ಗೊತ್ತಿದ್ದವನು ಸೋಲುತ್ತಾನೆ. ಕ್ವಿಜ್ ಮಾಸ್ಟರ್, “ಚೀಟಿಯಲ್ಲಿ ಇದ್ದದ್ದೇ ಉತ್ತರ” ಅಂದು ಮೈಕು ಆರಿಸಿದ. ಬಾವಿಯ ಪ್ರಶ್ನೆ ಕಟ್ಟಿದವನೂ ಅವನೇ ಅಂದರೆ ನಂಬಿಕೆ ಬರಲಿಲ್ಲ.

ಡಬ್ಬಿಯ ಮುಚ್ಚಳ ತೆಗೆದವರು ವೈನಿ. ತೆಗೆದವರೇ ಎದ್ದು, ಮೊದಲು ಹುಡುಗರ ಟೇಬಲ್ಲಿಗೆ ಒಯ್ದರು.

“ಏ, ಅದು ನಮ್ದು!” ಅಂದ ದೋಸ್ತ. ಆ ದನಿಗೆ ವೇಟರ್ ತಿರುಗಿ ನೋಡಿದ, ವೈನಿ ನೋಡಲಿಲ್ಲ.

ಡಬ್ಬಿ ನಮ್ಮ ಟೇಬಲ್ಲಿಗೆ ಬಂದಾಗ ತಳ ಕಾಣುತ್ತಿತ್ತು.