ಚುಕ್ಕೆಗಳಲ್ಲಿ ಚಿಲಿ: 2010ರ ಭೂಕಂಪದ ಅಡ್ಡಛೇದ ನಕ್ಷೆ, ಇಲ್ಲಿಯವರೆಗಿನ ಕೆಲಸ

ಚಿಲಿಯ ಕರಾವಳಿಯಲ್ಲಿ 2010ರ ಫೆಬ್ರವರಿ 27ರ ನಸುಕಿನಲ್ಲಿ ಸಂಭವಿಸಿದ 8.8 ತೀವ್ರತೆಯ ಭೂಕಂಪವನ್ನು, ಅದಕ್ಕೆ ಕಾರಣವಾದ ಎರಡು ಭೂಫಲಕಗಳ (ಭೂಮಿಯ ಹೊರಕವಚದ ಬೃಹತ್ ಚಪ್ಪಡಿಗಳು; ಇಲ್ಲಿ ಸಾಗರದಡಿಯ ನಾಸ್ಕಾ ಮತ್ತು ಅದರ ಮೇಲಿನ ದಕ್ಷಿಣ ಅಮೆರಿಕ) ಸಮೇತ, ನೆಲವನ್ನು ನೆಟ್ಟಗೆ ಕತ್ತರಿಸಿ ಪಕ್ಕದಿಂದ ನೋಡಿದಂತೆ ಒಂದೇ ಹಾಳೆಯ ಮೇಲೆ ಬಿಡಿಸುವ ಕೆಲಸ ಅರ್ಧಕ್ಕಿಂತ ಹೆಚ್ಚು ಮುಗಿದಿದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಎಲ್ಲರಿಗೂ ಉಚಿತವಾಗಿ ಒದಗಿಸುವ ಭೂಕಂಪಗಳ ಪಟ್ಟಿಯಿಂದ, ದಕ್ಷಿಣ ಅಕ್ಷಾಂಶ 35ರಿಂದ 37 ಡಿಗ್ರಿಗಳ ನಡುವಿನ 4.5 ಹಾಗೂ ಅದಕ್ಕೂ ಮೇಲಿನ ತೀವ್ರತೆಯ ಕಂಪನಗಳನ್ನು ಇಳಿಸಿಕೊಂಡು, ಪ್ರತಿಯೊಂದರ ರೇಖಾಂಶವನ್ನು ಅಡ್ಡಕ್ಕೂ ಆಳವನ್ನು ಕೆಳಮುಖವಾಗಿಯೂ ಗುರುತಿಸಿದ್ದೇನೆ.

ಅಳತೆಯ ವಿಷಯದಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿದ್ದೇನೆ. ಪಠ್ಯಪುಸ್ತಕದ ಚಿತ್ರಗಳಲ್ಲಿ ಆಳವನ್ನು ಹಿಗ್ಗಿಸಿ ತೋರಿಸುವುದರಿಂದ, ಸಾಗರದ ಫಲಕವು ಬಾವಿಗೆ ಬಿದ್ದಂತೆ ನೆಟ್ಟಗೆ ಇಳಿಯುವಂತೆ ಕಾಣುತ್ತದೆ. ಇಲ್ಲಿ ಅಡ್ಡಕ್ಕೂ ಆಳಕ್ಕೂ ಒಂದೇ ಪ್ರಮಾಣ: ಒಂದು ಸೆಂಟಿಮೀಟರ್‌ಗೆ ಹತ್ತು ಕಿಲೋಮೀಟರ್. ಈ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶವೆಂದರೆ ಸುಮಾರು 90 ಕಿ.ಮೀ. ಆಗುವುದರಿಂದ, ಎಂಟು ಡಿಗ್ರಿಗಳ ಹರವು 72 ಸೆಂ.ಮೀ. ಅಗಲದ ಹಾಳೆಯಲ್ಲಿ ಕೂರುತ್ತದೆ. ಸಾಗರದ ಫಲಕ ಒಳಗಿಳಿಯಲು ಶುರುವಾಗುವ, ಐದಾರು ಕಿಲೋಮೀಟರ್ ಆಳದ ಪೆರು–ಚಿಲಿ ಕಡಲ ಕಂದಕ ಈ ಹಾಳೆಯಲ್ಲಿ ಪೆನ್ಸಿಲ್ ಮೊನೆಯ ಅರ್ಧ ಸೆಂಟಿಮೀಟರ್ ತಗ್ಗಷ್ಟೇ.

ಚುಕ್ಕೆಗಳನ್ನೆಲ್ಲ ಇಟ್ಟ ಮೇಲೆ ಮೊದಲು ಕಣ್ಣಿಗೆ ಬಿದ್ದದ್ದು ಫಲಕವಲ್ಲ. ಹತ್ತು, 33 ಮತ್ತು 35 ಕಿ.ಮೀ. ಆಳಗಳಲ್ಲಿ ಸ್ಕೇಲು ಹಿಡಿದು ಎಳೆದಂತೆ ಸಾಲಾಗಿ ನಿಂತ ಚುಕ್ಕೆಗಳು. ಆಳವನ್ನು ಖಚಿತವಾಗಿ ಲೆಕ್ಕಹಾಕಲು ಸಾಕಷ್ಟು ಮಾಹಿತಿ ಇಲ್ಲದಿದ್ದಾಗ ಪಟ್ಟಿಯಲ್ಲಿ ಇಂಥ ನಿಗದಿತ ಸಂಖ್ಯೆಗಳನ್ನು ತುಂಬುವ ವಾಡಿಕೆಯಿದೆ. ಆ ಸಾಲುಗಳಿಗೂ ನೆಲದೊಳಗಿನ ಯಾವ ಪದರಕ್ಕೂ ಸಂಬಂಧವಿಲ್ಲ. ಅವನ್ನು ಅಳಿಸದೆ ಬೂದು ಬಣ್ಣಕ್ಕೆ ಇಳಿಸಿದ್ದೇನೆ. ಉಳಿದ ಚುಕ್ಕೆಗಳು ಕಂದಕದಿಂದ ಪೂರ್ವಕ್ಕೆ, ಕರಾವಳಿಯ ಬಳಿ ಹದಿನೈದರಿಂದ ಇಪ್ಪತ್ತು ಡಿಗ್ರಿ ಓರೆಯಲ್ಲಿ ಇಳಿಯುತ್ತ, ಆಂಡೀಸ್‌ನ ಜ್ವಾಲಾಮುಖಿಗಳ ಸಾಲಿನ ಅಡಿಗೆ ಬರುವಷ್ಟರಲ್ಲಿ ಸುಮಾರು ನೂರು ಕಿಲೋಮೀಟರ್ ಆಳ ಮುಟ್ಟುತ್ತವೆ. ಭೂಕಂಪ ವಿಜ್ಞಾನಿಗಳಾದ ವಡಾಟಿ ಮತ್ತು ಬೆನಿಯೊಫ್ ಅವರ ಹೆಸರು ಹೊತ್ತ ವಲಯ ಇದೇ. ನಾಸ್ಕಾ ಫಲಕವು ವರ್ಷಕ್ಕೆ ಸುಮಾರು ಏಳು ಸೆಂಟಿಮೀಟರ್ ವೇಗದಲ್ಲಿ ದಕ್ಷಿಣ ಅಮೆರಿಕ ಫಲಕದ ಕೆಳಗೆ ತೂರಿಕೊಳ್ಳುತ್ತಿರುವುದನ್ನು, ಯಾರೂ ಗೆರೆ ಎಳೆಯದೆಯೇ, ಕಂಪನಗಳೇ ಗುರುತು ಹಾಕಿ ತೋರಿಸುತ್ತವೆ.

ಆದರೆ ಮುಖ್ಯ ಭೂಕಂಪವನ್ನು ಈ ಹಾಳೆಯ ಮೇಲೆ ಹೇಗೆ ತೋರಿಸುವುದೆಂಬ ಪ್ರಶ್ನೆ ಬಹಳ ಕಾಡಿತು. ಪಟ್ಟಿಯ ಪ್ರಕಾರ ಅದು ಸುಮಾರು 23 ಕಿ.ಮೀ. ಆಳದ ಒಂದು ಬಿಂದು. ಚುಕ್ಕೆಯ ವಿಸ್ತೀರ್ಣವನ್ನು ಬಿಡುಗಡೆಯಾದ ಶಕ್ತಿಗೆ ಅನುಗುಣವಾಗಿ ಇಡೋಣವೆಂದರೆ, 4.5 ತೀವ್ರತೆಯ ಕಂಪನಕ್ಕೆ ಒಂದು ಮಿಲಿಮೀಟರ್ ವ್ಯಾಸ ಕೊಟ್ಟಾಗ 8.8ಕ್ಕೆ ಸುಮಾರು 1.7 ಮೀಟರ್ ವ್ಯಾಸ ಬೇಕಾಗುತ್ತದೆ. ಹಾಳೆಯಿರಲಿ, ಮೇಜೂ ಸಾಲದು. ಈ ಲೆಕ್ಕವೇ ಯೋಜನೆಯ ದಿಕ್ಕನ್ನು ಬದಲಿಸಿತು. ಇಷ್ಟು ದೊಡ್ಡ ಭೂಕಂಪವನ್ನು ಬಿಂದುವೆಂದು ತೋರಿಸುವುದೇ ದಾರಿ ತಪ್ಪಿಸುತ್ತದೆ, ಏಕೆಂದರೆ ಆ ಬಿಂದು ಬಿರುಕು ಶುರುವಾದ ಜಾಗ ಮಾತ್ರ. ಹಾಗಾಗಿ ಮೇಲಿನಿಂದ ನೋಡಿದಂತೆ ಎರಡನೆಯ ನಕ್ಷೆಯೊಂದನ್ನು ಮಾಡಿ, ಅಕ್ಷಾಂಶದ ಮಿತಿಯನ್ನು ಸಡಿಲಿಸಿ, ಒಡೆದ ಭಾಗದ ಉದ್ದಕ್ಕೂ ಆಮೇಲೆ ಆಗುವ ಪಶ್ಚಾತ್ ಕಂಪನಗಳನ್ನಷ್ಟೇ ಕೆಂಪು ಬಣ್ಣದಲ್ಲಿ ಇಟ್ಟೆ. ಪಿಚಿಲೆಮು ಪಟ್ಟಣಕ್ಕೂ ಉತ್ತರದಿಂದ ಅರಾವ್ಕೊ ಪರ್ಯಾಯ ದ್ವೀಪದ ದಕ್ಷಿಣದವರೆಗೆ, ತೀರಕ್ಕೆ ಸಮಾನಾಂತರವಾಗಿ, ಸುಮಾರು 500 ಕಿ.ಮೀ. ಉದ್ದದ ಕೆಂಪು ಪಟ್ಟಿ ಮೂಡಿತು. ನಿಜವಾದ ಭೂಕಂಪದ ಗಾತ್ರ ಅದು. (ಪಿಚಿಲೆಮು ಬಳಿಯ ದಟ್ಟ ಗುಂಪನ್ನು ಮಾತ್ರ ಬೇರೆಯಾಗಿ ಓದಬೇಕು: ಮಾರ್ಚ್ 11ರ ಪ್ರಬಲ ಕಂಪನಗಳು ಎರಡು ಫಲಕಗಳ ನಡುವೆ ಆದವಲ್ಲ, ಒತ್ತಡ ಸಡಿಲವಾದ ಮೇಲಿನ ಫಲಕ ಹಿಗ್ಗಿ ಒಡೆದದ್ದರಿಂದ ಆದವು.)

ಈ ಕೆಂಪು ಪಟ್ಟಿಯ ಉದ್ದಕ್ಕೂ ಎರಡು ಫಲಕಗಳು, ಮಳೆಗಾಲದಲ್ಲಿ ಉಬ್ಬಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವಂತೆ, ಕಚ್ಚಿಕೊಂಡು ನಿಂತಿದ್ದವು. ಕಾನ್ಸೆಪ್ಸಿಯೋನ್ ಪ್ರದೇಶದಲ್ಲಿ ಇದಕ್ಕೆ ಮುನ್ನ ಇಂಥ ದೊಡ್ಡ ಬಿಡುಗಡೆಯಾದದ್ದು 1835ರ ಫೆಬ್ರವರಿ 20ರಂದು. ನಡುವಿನ 175 ವರ್ಷಗಳನ್ನು ಏಳು ಸೆಂಟಿಮೀಟರ್‌ನಿಂದ ಗುಣಿಸಿದರೆ, ಹೀಗೆ ಕಚ್ಚಿಕೊಂಡು ಬಾಕಿ ಉಳಿದ ಜಾರುವಿಕೆ ಹನ್ನೆರಡು ಮೀಟರ್‌ಗೂ ಮಿಕ್ಕಿ ಬರುತ್ತದೆ. ಜಿಪಿಎಸ್ ಅಳತೆಗಳನ್ನು ಆಧರಿಸಿ ಫ್ರಾನ್ಸ್ ಮತ್ತು ಚಿಲಿಯ ಸಂಶೋಧಕರು 2009ರಲ್ಲೇ ಇಲ್ಲಿ 8ರಿಂದ 8.5 ತೀವ್ರತೆಯ ಭೂಕಂಪ ಆಗಬಹುದೆಂದು ಬರೆದಿದ್ದರು. ಆದರೂ ಗುಣಾಕಾರವನ್ನು ಪೂರ್ತಿ ನಂಬುವಂತಿಲ್ಲ: 2010ರಲ್ಲಿ ಅತಿ ಹೆಚ್ಚು ಜಾರಿದ ಭಾಗ 1835ರ ವಲಯದ ಉತ್ತರಕ್ಕಿತ್ತು. ಹಾಗಾಗಿ ನನ್ನ ನಕ್ಷೆಯಲ್ಲಿ ಈ ಸಂಖ್ಯೆಯನ್ನು ಬರೆದಿಲ್ಲ.

ಬರೆದಿರುವುದು ತೀರದ ಏರಿಳಿತವನ್ನು. 1835ರಲ್ಲಿ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್ ಸಾಂತಾ ಮಾರಿಯಾ ದ್ವೀಪದಲ್ಲಿ, ಭರತದ ಗೆರೆಗಿಂತ ಹತ್ತು ಅಡಿ ಮೇಲೆ, ಬಂಡೆಗೆ ಅಂಟಿಕೊಂಡಂತೆಯೇ ಕೊಳೆಯುತ್ತಿದ್ದ ಚಿಪ್ಪುಜೀವಿಗಳನ್ನು ಕಂಡಿದ್ದರು. 2010ರಲ್ಲಿ ಅದೇ ದ್ವೀಪ ಒಂದೂವರೆ ಮೀಟರ್‌ಗೂ ಹೆಚ್ಚು ಮೇಲೆದ್ದಿತು. ಕಾನ್ಸೆಪ್ಸಿಯೋನ್ ನಗರ ಸುಮಾರು ಮೂರು ಮೀಟರ್ ಪಶ್ಚಿಮಕ್ಕೆ ಸರಿಯಿತು. ಮೇಲಿನ ಫಲಕದ ಅಂಚು ಹೀಗೆ ಕಡಲಿನತ್ತ ಚಿಮ್ಮಿ ತಳವನ್ನು ಎತ್ತಿದ್ದರಿಂದಲೇ ಸುನಾಮಿ ಎದ್ದು ಕಾನ್ಸ್ಟಿಟೂಸಿಯೋನ್, ಡಿಚಾಟೊ, ತಾಲ್ಕಾವಾನೊ ಊರುಗಳಿಗೆ ನುಗ್ಗಿತು. ಕಂಪನ, ಸುನಾಮಿ ಎರಡರಿಂದ 500ಕ್ಕೂ ಹೆಚ್ಚು ಜನ ಸತ್ತರು. ಅಡ್ಡಛೇದದಲ್ಲಿ ಮೂರು ಮೀಟರ್ ಎಂಬುದು ಕಾಣುವಷ್ಟು ದಪ್ಪದ ಗೆರೆಯೇ ಅಲ್ಲವಾದ್ದರಿಂದ, ಈ ಸ್ಥಳಾಂತರಗಳನ್ನು ಬಾಣದ ಗುರುತುಗಳಾಗಿ, ಬೇರೆ ಪ್ರಮಾಣದಲ್ಲಿ, ಮೇಲಂಚಿನ ಪಟ್ಟಿಯಲ್ಲಿ ಹಾಕಿದ್ದೇನೆ.

ಬಾಕಿ ಉಳಿದಿರುವುದು ಜ್ವಾಲಾಮುಖಿಗಳ ಸಾಲನ್ನು ಸೇರಿಸುವುದು ಮತ್ತು ಬಣ್ಣಗಳ ವಿವರಣೆ. ಅದಾದ ಮೇಲೆ ಇದೇ ಪ್ರಮಾಣದಲ್ಲಿ ಪಾಕಿಸ್ತಾನ–ಇರಾನ್‌ಗಳ ಮಕ್ರಾನ್ ತೀರದ ಅಡ್ಡಛೇದವನ್ನು ಕೈಗೆತ್ತಿಕೊಳ್ಳುತ್ತೇನೆ. 1945ರ ನವೆಂಬರ್ 28ರ ನಸುಕಿನ ಅಲ್ಲಿನ ಭೂಕಂಪದ ಸುನಾಮಿ ಅರಬ್ಬೀ ಸಮುದ್ರ ದಾಟಿ ಮುಂಬೈ ಮುಟ್ಟಿತ್ತು. ಅಲ್ಲಿ ಫಲಕ ಇಳಿಯುವ ವೇಗ ಚಿಲಿಗಿಂತ ಬಹಳ ಕಡಿಮೆ, ಚುಕ್ಕೆಗಳೂ ವಿರಳ, ಆದ್ದರಿಂದ 4.5ರ ಮಿತಿಯನ್ನು ಇಳಿಸಬೇಕಾಗಬಹುದು.