ಬಡಿದದ್ದು ಮೊಣಕೈ, ಅತ್ತದ್ದು ಕಿರುಬೆರಳು

ಶಾಲೆಯ ಪತ್ರಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾದದ್ದು ಒಂದು ಬೆಂಚಿನ ಮೂಲೆ. ಹತ್ತನೇ ತರಗತಿ, 1996. ಕೆಳಗೆ ಬಿದ್ದ ಪೆನ್ನು ಎತ್ತಿಕೊಂಡು ಏಳುವಾಗ ಮೊಣಕೈ ಅದಕ್ಕೆ ಬಡಿಯಿತು. ‘ಅಮ್ಮಾ’ ಅಂತ ಕೂಗಿಯೇಬಿಟ್ಟೆ. ಇಡೀ ತರಗತಿ ನಕ್ಕಿತು. ಜೀವಶಾಸ್ತ್ರದ ಮೇಷ್ಟ್ರು ಮಾತ್ರ ನಗಲಿಲ್ಲ, ಬೈಯಲೂ ಇಲ್ಲ.

‘ಎಲ್ಲೋ ನೋವು?’ ಅಂದರು.

‘ಕಿರುಬೆರಳಲ್ಲಿ ಸಾರ್.’

‘ಬಡಿದದ್ದು ಎಲ್ಲಿಗೆ?’

‘ಮೊಣಕೈಗೆ.’

‘ಹಂಗಾದ್ರೆ ಬೆರಳು ಯಾಕೆ ಅಳ್ತಾ ಇದೆ?’

ಅವತ್ತು ನಡೆಯಬೇಕಿದ್ದದ್ದು ಗಿಡಗಳ ಹಾರ್ಮೋನಿನ ಪಾಠ. ಅದು ಅಲ್ಲಿಗೇ ನಿಂತಿತು. ಮೇಷ್ಟ್ರು ಬೋರ್ಡ್ ಒರೆಸಿ ಒಂದು ಕೈ ಬರೆದರು (ಚಿತ್ರ ಬರೆಯುವುದು ಅವರಿಗೆ ಬರುತ್ತಿರಲಿಲ್ಲ, ಅದು ಕೈಯೋ ಪೊರಕೆಯೋ ಅನ್ನುವಂತಿತ್ತು). ಮೊಣಕೈಯ ಒಳಬದಿಯಲ್ಲಿ, ಮೂಳೆಯ ಹಿಂದೆ, ಚರ್ಮದ ಕೆಳಗೇ ಅಲ್ನಾರ್ ಅನ್ನುವ ನರ ಹಾದುಹೋಗುತ್ತದೆ. ಕಿರುಬೆರಳಿನ ಸುದ್ದಿ, ಜೊತೆಗೆ ಉಂಗುರ ಬೆರಳಿನ ಅರ್ಧ ಭಾಗದ ಸುದ್ದಿ ಮೇಲೆ ಹೋಗುವುದು ಅದರಲ್ಲೇ. ನಾನು ಬಡಿದುಕೊಂಡದ್ದು ನಡುದಾರಿಯಲ್ಲಿ. ಆದರೆ ಸುದ್ದಿ ದಾರಿಯ ಯಾವ ಜಾಗದಲ್ಲಿ ಹುಟ್ಟಿತು ಅಂತ ಮಿದುಳಿಗೆ ತಿಳಿಯುವುದಿಲ್ಲ, ಯಾವ ಎಳೆಯಲ್ಲಿ ಬಂತು ಅನ್ನುವುದಷ್ಟೇ ತಿಳಿಯುತ್ತದೆ. ಕಿರುಬೆರಳಿನ ಎಳೆಯಲ್ಲಿ ಬಂದದ್ದೆಲ್ಲ ಅದರ ಪಾಲಿಗೆ ಕಿರುಬೆರಳಿನದೇ. ನನ್ನ ಬೆರಳಿಗೆ ಏನೂ ಆಗಿರಲಿಲ್ಲ. ಆದರೂ ಜುಮ್ಮೆನ್ನುತ್ತಲೇ ಇತ್ತು.

ನರ ಅಂದರೆ ಕರೆಂಟಿನ ತಂತಿ ಅಂತಲೇ ನಾವೆಲ್ಲ ಅಂದುಕೊಂಡಿದ್ದೆವು. ಅದಲ್ಲ ಅಂದರು. ಸುಮ್ಮನಿರುವ ನರದ ಎಳೆಯ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕೆಳಗಿರುತ್ತದೆ. ಸುದ್ದಿ ಬಂದಾಗ ಒಂದು ಕಡೆಯ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳಗೆ ನುಗ್ಗುತ್ತದೆ. ಅದನ್ನು ಕಂಡು ಪಕ್ಕದ ಬಾಗಿಲು, ಆಮೇಲೆ ಅದರ ಪಕ್ಕದ್ದು. ಸಾಲಾಗಿ ನಿಂತ ಹುಡುಗರು ಒಬ್ಬರ ಕೈ ಒಬ್ಬರು ಅದುಮಿದ ಹಾಗೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದು ಎಳೆಯಲ್ಲಿ ಹೋಗುವ ಪ್ರತಿ ಮಿಡಿತದ ಗಾತ್ರ ಒಂದೇ, ಜೋರಾಗಿ ಒತ್ತಿದರೆ ಮಿಡಿತಗಳು ಜಾಸ್ತಿ ಬರುತ್ತವೆ ಅಷ್ಟೇ. 1926ರಲ್ಲಿ ಎಡ್ಗರ್ ಏಡ್ರಿಯನ್ ಒಂದೊಂದೇ ಎಳೆಯನ್ನು ಆಲಿಸಿ ಇದನ್ನು ತೋರಿಸಿದರು. ಇಷ್ಟು ಹೇಳಿ ಮೇಷ್ಟ್ರು ನಮ್ಮನ್ನೂ ಸಾಲಾಗಿ ಕೂರಿಸಿದರು!

ಆಟ ಹೀಗೆ. ಎಲ್ಲರೂ ಕಣ್ಣು ಮುಚ್ಚಬೇಕು. ಹಿಂದಿನವನು ಭುಜ ಅದುಮಿದ ತಕ್ಷಣ ನೀನು ಮುಂದಿನವನ ಭುಜ ಅದುಮು. ಕೊನೆಯವನು ಕೈ ಎತ್ತಿದಾಗ ಗಡಿಯಾರ ನೋಡುವುದು. ಎರಡನೇ ಸುತ್ತಿನಲ್ಲಿ ಭುಜದ ಬದಲು ಕಾಲಿನ ಹರಡು. ಹರಡಿನಿಂದ ಸುದ್ದಿ ಜಾಸ್ತಿ ದೂರ ಬರಬೇಕಲ್ಲ, ಸಮಯದ ವ್ಯತ್ಯಾಸದಿಂದ ನರದ ವೇಗ ಸಿಗಬೇಕು. ನಮಗೆ ಸಿಕ್ಕಿದ್ದು ಮೈನಸ್! ಭುಜದ ಸುತ್ತಿನಲ್ಲಿ ಎಲ್ಲರೂ ನಗುತ್ತಾ ತಡ ಮಾಡಿದ್ದೆವು, ಕಾಲಿನ ಸುತ್ತಿನ ಹೊತ್ತಿಗೆ ಕೈ ಪಳಗಿತ್ತು. ಲೆಕ್ಕದ ಪ್ರಕಾರ ಸುದ್ದಿ ಹೊರಡುವ ಮೊದಲೇ ತಲುಪಿತ್ತು. ನಾಲ್ಕನೇ ಸಲಕ್ಕೆ ನಂಬಬಹುದಾದ ಸಂಖ್ಯೆ ಬಂತು. 1850ರಲ್ಲಿ ಹೆಲ್ಮ್‌ಹೋಲ್ಟ್ಸ್ ಇದನ್ನು ಕಪ್ಪೆಯ ಕಾಲಿನ ನರದಲ್ಲಿ ಅಳೆದಾಗ ಬಂದದ್ದು ಸೆಕೆಂಡಿಗೆ ಸುಮಾರು 30 ಮೀಟರ್. ಅವರ ಗುರು ಮ್ಯೂಲರ್‌ಗೆ ಇದನ್ನು ಅಳೆಯಲು ಆಗುತ್ತದೆ ಅನ್ನುವ ನಂಬಿಕೆಯೇ ಇರಲಿಲ್ಲ. ಶಿಷ್ಯ ಗುರುವನ್ನು ಸುಳ್ಳು ಮಾಡಿದ ಈ ಕತೆಯನ್ನು ಮೇಷ್ಟ್ರು ಎಷ್ಟು ಖುಷಿಯಿಂದ ಹೇಳಿದರು ಅಂದರೆ, ಬೆಲ್ ಹೊಡೆದದ್ದು ಅವರಿಗೆ ಕೇಳಿಸಲೇ ಇಲ್ಲ.

ಮರುದಿನವೂ ಅದೇ ಪಾಠ. ಎಲ್ಲ ಎಳೆಗಳ ವೇಗ ಒಂದೇ ಅಲ್ಲ. ಸ್ಪರ್ಶದ ದಪ್ಪ ಎಳೆಗಳಿಗೆ ಮೈಲಿನ್ ಅನ್ನುವ ಕೊಬ್ಬಿನ ಹೊದಿಕೆ ಇದೆ, ಸುದ್ದಿ ಹಾರಿಹಾರಿ ಹೋಗುತ್ತದೆ, ಸೆಕೆಂಡಿಗೆ 35ರಿಂದ 75 ಮೀಟರ್. ಚುಚ್ಚಿದಂಥ ನೋವು ಅದಕ್ಕಿಂತ ನಿಧಾನ. ಉರಿಯುವ, ಸೆಳೆಯುವ ನೋವಿನ ಎಳೆಗಳಿಗೆ ಹೊದಿಕೆಯೇ ಇಲ್ಲ. ಅವು ಸೆಕೆಂಡಿಗೆ ಸುಮಾರು ಒಂದು ಮೀಟರ್ ಹೋಗುತ್ತವೆ, ಅಂದರೆ ನಾವು ನಡೆಯುವಷ್ಟೇ. ಅದಕ್ಕೇ ಎಡವಿದಾಗ ಬೆರಳು ತಗುಲಿದ್ದು ಮೊದಲು ತಿಳಿಯುತ್ತದೆ, ಚುರುಕ್ ಅನ್ನುತ್ತದೆ, ಒಂದು ಗಳಿಗೆ ಏನೂ ಇಲ್ಲ, ಆಮೇಲೆ ನಿಜವಾದ ನೋವು ಬರುತ್ತದೆ. ಆ ಗಳಿಗೆಯನ್ನು ನಾನು ಇವತ್ತಿಗೂ ಎಣಿಸುತ್ತೇನೆ. ನೋವು ಕಮ್ಮಿಯೇನೂ ಆಗುವುದಿಲ್ಲ.

‘ನಿನ್ನೆ ಮೊಣಕೈ ಯಾಕೆ ಉಜ್ಜಿಕೊಳ್ತಿದ್ದೆ?’ ಅಂತ ನನ್ನನ್ನೇ ಕೇಳಿದರು. ಉಜ್ಜಿದ್ದು ನನಗೆ ಗೊತ್ತೇ ಇರಲಿಲ್ಲ. ಉಜ್ಜಿದಾಗ ಸ್ಪರ್ಶದ ಎಳೆಗಳು ಬೆನ್ನುಹುರಿಯಲ್ಲಿ ನೋವಿನ ದಾರಿಯನ್ನು ಅರ್ಧ ಮುಚ್ಚುತ್ತವೆ ಅಂತ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವವರು ಬರೆದಿದ್ದರು. ಅಲ್ಲಿಂದ ಮೇಲಿನ ದಾರಿ ಮಾತ್ರ ನನಗೆ ಕೊನೆಗೂ ಸರಿಯಾಗಿ ತಲೆಗೆ ಹತ್ತಲಿಲ್ಲ. ನೋವು ಬೆನ್ನುಹುರಿಯಲ್ಲೇ ಆಚೆ ಬದಿಗೆ ದಾಟುತ್ತದೆ, ಸ್ಪರ್ಶ ಮಿದುಳಿನ ಬುಡದವರೆಗೆ ಹೋಗಿ ದಾಟುತ್ತದೆ, ಎರಡೂ ಮಿದುಳಿನ ನಡುವೆ ಇರುವ ಥಾಲಮಸ್ ಅನ್ನುವ ಭಾಗ ಹಾದು ಮಿದುಳಿನ ಹೊರಪದರ ಸೇರುತ್ತವೆ. ಪರೀಕ್ಷೆಯಲ್ಲಿ ಎರಡನ್ನೂ ಒಂದೇ ಗೆರೆಯಲ್ಲಿ ಎಳೆದು ಬಂದೆ.

ತಲೆಗೆ ಹತ್ತಿದ್ದು ಇನ್ನೊಂದು ಮಾತು. ಕಾಲಿನ ಹೆಬ್ಬೆರಳಿನ ಸ್ಪರ್ಶವನ್ನು ಮಿದುಳಿನ ಬುಡಕ್ಕೆ ಒಯ್ಯುವುದು ಒಂದೇ ಒಂದು ಕೋಶ. ಅದರ ಒಡಲು ಬೆನ್ನುಮೂಳೆಯ ಪಕ್ಕದಲ್ಲಿ, ಒಂದು ತೋಳು ಬೆರಳಿಗೆ, ಇನ್ನೊಂದು ತೋಳು ಮೇಲಕ್ಕೆ. ‘ನೀನು ಎಷ್ಟುದ್ದ ಇದೀಯೋ ಹತ್ತಿರ ಹತ್ತಿರ ಅಷ್ಟೇ ಉದ್ದದ ಕೋಶ ಕಣೋ, ನಿನ್ನೊಳಗೇ ಇದೆ’ ಅಂದಿದ್ದರು.

ಯಾರೋ ಕೇಳಿದರು: ಚರ್ಮವನ್ನು ಒತ್ತಿದ್ದು ನರದ ತುದಿಗೆ ಮೊಟ್ಟಮೊದಲು ಹೇಗೆ ಗೊತ್ತಾಗುತ್ತದೆ? ‘ಇನ್ನೂ ಹುಡುಕ್ತಾ ಇದಾರೆ’ ಅಂದು ಮೇಷ್ಟ್ರು ಪ್ರಶ್ನೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದರು. ವಾರಗಟ್ಟಲೆ ಯಾರೂ ಅದನ್ನು ಒರೆಸಲಿಲ್ಲ. ಒತ್ತಡಕ್ಕೆ ತೆರೆಯುವ ಪೀಜೋ ಬಾಗಿಲುಗಳನ್ನು ಆರ್ಡೆಮ್ ಪಟಪೂಟಿಯನ್ ತಂಡ 2010ರಲ್ಲಿ ಕಂಡುಹಿಡಿಯಿತು. ಅದಕ್ಕೆ 2021ರಲ್ಲಿ ನೊಬೆಲ್ ಬಂತು, ಬಿಸಿಗೆ ತೆರೆಯುವ ಬಾಗಿಲನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಜೊತೆ. ಆ ಸುದ್ದಿ ಓದಿದವನೇ ಮೇಷ್ಟ್ರಿಗೆ ಫೋನ್ ಮಾಡಿದೆ, ಎಷ್ಟೋ ವರ್ಷಗಳ ಮೇಲೆ. ‘ಓದಿದೆ, ಓದಿದೆ. ಮನೆಗೆ ಬಾ’ ಅಂದರು.

ಹೋದೆ. ಬಾಗಿಲಿಗೆ ಬಂದವರ ಒಂದು ಕಾಲಲ್ಲಷ್ಟೇ ಚಪ್ಪಲಿ ಇತ್ತು. ಹಳೆಯ ಸಕ್ಕರೆ ಕಾಯಿಲೆಯಂತೆ. ‘ಜಾರಿದ್ರೂ ಗೊತ್ತಾಗಲ್ಲ ಕಣೋ. ಯಾವ ನರ ಮೊದಲು ಕೆಡುತ್ತೆ ಹೇಳು?’

‘ಉದ್ದದ್ದು, ಸಾರ್.’

‘ಯಾಕೆ?’

ನಾನು ತಡವರಿಸಿದೆ. ಅವರೇ ಹೇಳಿದರು. ಎಳೆಗೆ ಬೇಕಾದ ಸಾಮಾನೆಲ್ಲ ಬಹುಮಟ್ಟಿಗೆ ಕೋಶದ ಒಡಲಲ್ಲೇ ತಯಾರಾಗಬೇಕು, ಅಲ್ಲಿಂದ ತುದಿಯವರೆಗೆ ಸಾಗಬೇಕು. ಬೇಗ ಹೋಗುವ ಸರಕೂ ದಿನಕ್ಕೆ 40 ಸೆಂಟಿಮೀಟರ್ ಅಷ್ಟೇ. ಪಾದಕ್ಕೆ ಎಷ್ಟು ದಿನ ಆಗುತ್ತೆ, ಲೆಕ್ಕ ಹಾಕು ಅಂದರು. ಹಾಕಿದೆ. ಸುಮಾರು ಒಂದು ಮೀಟರ್ ದಾರಿಗೆ ಎರಡೂವರೆ ದಿನ.

ಆಮೇಲೆ ಒಂದು ಸಣ್ಣ ಕನ್ನಡಿ ತಂದು ಅಂಗಾಲಿನ ಕೆಳಗೆ ಹಿಡಿದರು. ದಿನಾ ರಾತ್ರಿ ಹೀಗೆ ನೋಡಿಕೊಳ್ಳುತ್ತಾರಂತೆ, ಆದರೆ ಈಗ ಕಣ್ಣೂ ಮಂಜು. ‘ನೀನೇ ನೋಡು, ಏನಾದ್ರೂ ಇದೆಯಾ?’ ಅಂದರು. ಹಿಮ್ಮಡಿಯ ಹತ್ತಿರ ಸಣ್ಣ ಕೆಂಪು ಗಾಯ ಇತ್ತು. ಹೇಳಿದೆ. ‘ಯಾವತ್ತಿನದೋ’ ಅಂತ ಅವರು ಹತ್ತಿ ತರಲು ಎದ್ದರು.